ಮೌಲಾಲಿ ಚಪ್ಪಲಿ ಬಿಟ್ಟಿದ್ದೇಕೆ?

ಎಡಗಾಲಿನ ಬೂಟು ಬಿಚ್ಚಿಟ್ಟು, ಬಲಗಾಲಿನ ಲೇಸಿಗೆ ಕೈ ಹಾಕಿದ್ದ ಪೊಲೀಸ್ ಅಮೀನ ಪೀರಪ್ಪ ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟ.

ಅವನು ಹೊಳೆದಂಡೆಯ ದರ್ಗಾಕ್ಕೆ ಬಂದದ್ದು ಹರಕೆಗಲ್ಲ, ತನಿಖೆಗೆ. ಸುಂಕದ ನಾಕಾದ ಕಾವಲುಗಾರ ಮೌಲಾಲಿಯನ್ನು ಯಾರೋ ತಲೆಗೆ ಹೊಡೆದು ಕೊಂದಿದ್ದರು. ಊರೂರು ತಿರುಗಿ ಅರಿವೆ ಮಾರುವ ನಿಂಬರ್ಗಾದ ಸಿಕಂದರ ಆ ಕೊಲೆಯ ಆರೋಪ ಹೊತ್ತು ಅಫಜಲಪುರದ ಠಾಣೆಯಲ್ಲಿ ಕೂತಿದ್ದ. ಬಿಸಿಲು ಇಳಿದ ಮೇಲೆ ಅವನನ್ನು ಗುಲ್ಬರ್ಗಕ್ಕೆ ಕಳಿಸುವುದಿತ್ತು. ಅಲ್ಲಿಗೆ ಹೋದರೆ ನೇಣು ತಪ್ಪದು ಎಂದು ಠಾಣೆಯ ಗೋಡೆಗೂ ಗೊತ್ತಿತ್ತು.

ಸಿಕಂದರನನ್ನು ಹಿಡಿದು ತಂದವನು ಜಮಾದಾರ ದಶರಥ. ಚುರುಕಿನ ಮನುಷ್ಯ. ಹೇಳಿದ ಕೆಲಸಕ್ಕೆ ಇಲ್ಲವೆನ್ನದವನು. ಇವತ್ತು ಆರೋಪಿಯ ಸಂಗಡ ಗುಲ್ಬರ್ಗದವರೆಗೆ ಹೋಗುವವನೂ ಅವನೇ.

ಎಲ್ಲ ಸರಿಯಾಗಿತ್ತು. ಆದರೂ ಬೆಳಗಿನಿಂದ ಪೀರಪ್ಪನಿಗೆ ಒಂದು ತುತ್ತೂ ಇಳಿದಿರಲಿಲ್ಲ. ಇನ್ನೊಮ್ಮೆ ನಾಕಾ ನೋಡಿ ಬರುತ್ತೇನೆ ಅಂತ ಕುದುರೆ ಹತ್ತಿದವನು, ನಾಕಾ ದಾಟಿ ದರ್ಗಾದವರೆಗೆ ಬಂದಿದ್ದ. ಬಾಗಿಲಲ್ಲಿ ನಿಂತಿದ್ದಾಗಲೇ ಚೌಡಾಪುರದ ಕಡೆಯ ಒಂದು ಕುಟುಂಬ ಗಲೀಫು ಹೊತ್ತು ಬಂತು.

ಗಲೀಫು ಎಂದರೆ ಪೀರನ ಗೋರಿಗೆ ಹೊದಿಸುವ ಹಸಿರು ಬಟ್ಟೆ. ಬುಟ್ಟಿಯಲ್ಲಿ ಹೂವು ಹಾಸಿ, ಅದರ ಮೇಲೆ ಮಡಿಸಿಟ್ಟು, ತಲೆಯ ಮೇಲೆ ತರುತ್ತಾರೆ. ದಾರಿಯಲ್ಲಿ ಎದುರಾದವರು ಯಾವ ಜಾತಿಯವರಾದರೂ ಸುಮ್ಮನೆ ನೋಡುತ್ತ ನಿಲ್ಲುವುದಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಹೊದ್ದು, ಬುಟ್ಟಿಯನ್ನು ತಾವೂ ನಾಲ್ಕು ಹೆಜ್ಜೆ ಹೊತ್ತು ಪುಣ್ಯ ಕಟ್ಟಿಕೊಳ್ಳುತ್ತಾರೆ. ಪೀರಪ್ಪ ತೊಟ್ಟಿಲು ಬಿಟ್ಟಾಗಿನಿಂದ ನೋಡಿದ್ದು ಇದನ್ನೇ. ಅದಕ್ಕೇ ಬುಟ್ಟಿ ಕಂಡ ಕೂಡಲೇ ಅವನ ಕೈ ಅವನನ್ನು ಕೇಳದೆ ಬೂಟಿಗೆ ಹೋಗಿತ್ತು.

ಸರಕಾರಿ ಬೂಟಿಗೆ ಒಂದು ಗುಣವಿದೆ. ಹಾಕಿಕೊಂಡವನಿಗೆ ತಾನು ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎನ್ನುವುದನ್ನು ಮರೆಸಿಬಿಡುತ್ತದೆ. ಕಾಲಿಗೆ ಮಾತ್ರ ನೆನಪಿರುತ್ತದೆ, ಪಾಪ.

‘ಬರ್ರಿ ಸಾಹೇಬ್ರ, ಹೊರ್ರಿ’ ಎಂದು ಆ ಮನೆಯ ಹಿರಿಯ ಬುಟ್ಟಿ ಮುಂದೆ ಮಾಡಿದ.

ಪೀರಪ್ಪ ಎರಡೂ ಬೂಟು ಬಿಟ್ಟು, ಮಗೆಯ ನೀರು ಕಾಲಿಗೆ ಸುರಿದುಕೊಂಡು, ಕರವಸ್ತ್ರ ತಲೆಗೆ ಹೊದ್ದು ಬುಟ್ಟಿ ಹೊತ್ತ. ಭಾರವೇ ಇರಲಿಲ್ಲ. ಒಂದು ಬಟ್ಟೆ, ಒಂದಿಷ್ಟು ಹೂವು. ನಾಲ್ಕು ಹೆಜ್ಜೆ ನಡೆದು ಮುಂದಿನವನ ತಲೆಗೆ ದಾಟಿಸಿದ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತ.

ಕೊಲೆಯಾದ ದಿನ ಮೌಲಾಲಿಯ ಚಪ್ಪಲಿಗಳು ನಾಕಾದ ಬೇವಿನ ಬುಡದಲ್ಲಿ ಜೋಡಿಯಾಗಿ ಇದ್ದವು. ಪಕ್ಕದಲ್ಲಿ ಬರಿದಾದ ತಂಬಿಗೆ. ಹೆಣ ಮಾತ್ರ ರಸ್ತೆಯ ಆಚೆಯ ತಗ್ಗಿನಲ್ಲಿ ಬರಿಗಾಲಲ್ಲಿ ಬಿದ್ದಿತ್ತು. ನಮಾಜಿಗೆಂದು ಕಾಲು ತೊಳೆದಿದ್ದಾನೆ, ಅಷ್ಟರಲ್ಲಿ ಕಳ್ಳ ಬಂದಿದ್ದಾನೆ ಎಂದು ಪೀರಪ್ಪ ಅವತ್ತು ತೀರ್ಮಾನ ಮಾಡಿ ಮುಗಿಸಿದ್ದ.

ಆದರೆ ಮೌಲಾಲಿ ಸತ್ತದ್ದು ಹೊಲದ ಆಳುಗಳು ಬೆಳಗಿನ ನ್ಯಾರಿಯ ಬುತ್ತಿ ಬಿಚ್ಚುವ ಹೊತ್ತಿಗೆ. ಅದು ಯಾವ ನಮಾಜಿನ ಹೊತ್ತೂ ಅಲ್ಲ. ಇಷ್ಟು ವರ್ಷ ಮುಸಲ್ಮಾನರ ಓಣಿಯಲ್ಲಿ ಬೆಳೆದವನಿಗೆ ಇದು ಹೊಳೆಯಲಿಲ್ಲವೇ? ಪೀರಪ್ಪನಿಗೆ ತನ್ನ ಮೇಲೆ ಹೇಸಿಗೆ ಬಂತು.

ಇನ್ನೊಂದು ಇತ್ತು. ಮೌಲಾಲಿಯ ವಸ್ತ್ರ. ಅದು ಹೆಣದ ಹತ್ತಿರ ಬಿಗಿಯಾಗಿ ಸುತ್ತಿಕೊಂಡು ಬಿದ್ದಿತ್ತು. ಜಗ್ಗಾಟದಲ್ಲಿ ಹಾಗಾಗಿದೆ ಅಂತ ಅಂದುಕೊಂಡಿದ್ದ. ಈಗ ಕಣ್ಣ ಮುಂದೆ ತಂದುಕೊಂಡು ನೋಡಿದರೆ ಅದು ಜಗ್ಗಾಟದ ಸುತ್ತಲ್ಲ. ದುಂಡಗೆ, ನಡುವೆ ತೂತು ಬಿಟ್ಟು ಸುತ್ತಿದ್ದ ಸಿಂಬಿ. ತುಂಬಿದ ಕೊಡ ಹೊರುವಾಗ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಅಂಥದು.

ಬರಿಗಾಲು ಗಲೀಫಿಗೆ. ಸಿಂಬಿ ಭಾರಕ್ಕೆ. ಗಲೀಫಿಗೆ ಸಿಂಬಿ ಯಾಕೆ ಬೇಕಾಯಿತು?

ಉತ್ತರ ಒಂದೇ. ಆ ದಿನ ಆ ಬುಟ್ಟಿಯಲ್ಲಿ ಹಸಿರು ಬಟ್ಟೆಯ ಕೆಳಗೆ ಇನ್ನೇನೋ ಇತ್ತು. ನಾಕಾದಲ್ಲಿ ಎಲ್ಲರ ಗಂಟು ಬಿಚ್ಚುತ್ತಾರೆ, ಗಲೀಫಿನ ಬುಟ್ಟಿಗೆ ಯಾರೂ ಕೈ ಹಾಕುವುದಿಲ್ಲ. ಮೌಲಾಲಿ ಕೂಡ ತಪಾಸಣೆಗೆ ಕೈ ಹಾಕಿರಲಿಲ್ಲ. ಭಕ್ತಿಯಿಂದ ತಲೆ ಮೇಲೆ ಹೊತ್ತುಕೊಂಡಿದ್ದ, ಅಷ್ಟೇ. ಅದಕ್ಕೇ ಅವನಿಗೆ ಗೊತ್ತಾಗಿಹೋಯಿತು. ಗೊತ್ತಾದದ್ದಕ್ಕೇ ಸತ್ತ.

ಒಬ್ಬ ಅರಿವೆ ಮಾರುವವನ ಗಂಟಿಗೆ ಯಾವ ಕಾವಲುಗಾರನೂ ಕಾಲು ತೊಳೆಯುವುದಿಲ್ಲ. ಸಿಕಂದರ ನಿರಪರಾಧಿ. ಪೀರಪ್ಪ ತನ್ನ ಬಲಗೈ ನೋಡಿಕೊಂಡ. ಅದೇ ಕೈಯಿಂದ ಅವನು ಸಿಕಂದರನ ಕೆನ್ನೆಗೆ ಹೊಡೆದಿದ್ದ.

ದರ್ಗಾದ ಸೇವೆ ಮಾಡುವ ಮುಜಾವರ ಹಸನಸಾಬ ಗೋರಿಯ ಹತ್ತಿರ ಊದುಬತ್ತಿ ಹಚ್ಚಿ ಹೊರಗೆ ಬಂದ. ಪೀರಪ್ಪ ಅವನನ್ನು ಪಕ್ಕಕ್ಕೆ ಕರೆದ.

‘ಹಸನಸಾಬ, ಮೌಲಾಲಿ ಸತ್ತ ಗುರುವಾರ ಇಲ್ಲಿಗೆ ಯಾರ್ಯಾರ ಗಲೀಫ ಬಂದಿದ್ವು?’

‘ಅವತ್ತ ಒಂದೇ ಬಂದಿತ್ರಿ.’

‘ಯಾರದು?’

ಹಸನಸಾಬ ಅಮೀನನ ಮುಖ ನೋಡಿದ. ಚೇಷ್ಟೆ ಮಾಡುತ್ತಿದ್ದಾನೋ ಏನೋ ಎಂದು ಇನ್ನೊಮ್ಮೆ ನೋಡಿದ.

‘ನಿಮ್ದೇ ಅಲ್ರಿ ಸಾಹೇಬ್ರ? ವರ್ಷಾ ವರ್ಷಾ ಬರೂದು. ನಿಮ್ಮ ಅವ್ವಾರು ತಂದಿದ್ರಲ್ರಿ.’

‘ನನಗ ಯಾಕ ಮೊದಲ ಹೇಳಲಿಲ್ಲ ನೀ?’

‘ನಿಮ್ಮ ಮನಿ ಗಲೀಫ ನಿಮಗ ಗೊತ್ತಿರೂದಿಲ್ಲ ಅಂತ ನನಗೇನ ಕನಸ ಬಿದ್ದಿತ್ತೇನ್ರಿ?’ ಎಂದ ಹಸನಸಾಬ. ‘ಅವ್ವಾರು ಅವತ್ತ ಒಂದ ಮಾತೂ ಆಡಲಿಲ್ರಿ. ಬುಟ್ಟಿ ಬ್ಯಾರೆ ತಳ ಹರದಿತ್ತು. ಗಲೀಫ ಕೈಯಾಗ ಹಿಡಕೊಂಡು ಬಂದಿದ್ರು. ಹೊದಸೂ ಮುಂದ ತಲಿಕೆಳಗ ಹೊದಿಸಿದ್ರು. ವಯಸ್ಸಾತು ಅಂದ್ಕೊಂಡೆ.’

ಪೀರಪ್ಪ ಬೂಟನ್ನು ಲೇಸು ಕಟ್ಟದೆ ಹಾಕಿಕೊಂಡು ಕುದುರೆ ಹತ್ತಿದ.

ಅವನ ತಾಯಿ ಅಂಬುಬಾಯಿಗೆ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಿರಲಿಲ್ಲ. ಈ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದವನು ಇವನು. ಅದಕ್ಕೇ ಪೀರಪ್ಪ ಅಂತ ಹೆಸರಿಟ್ಟಳು. ಹೊಳೆಯಾಚೆ ಇಂಗ್ಲಿಷರ ಸೀಮೆಯಲ್ಲಿರುವ ತನ್ನ ತವರಿನಲ್ಲಿ ಗಲೀಫು ಹೊಲಿಸಿ, ಹೊಳೆ ದಾಟಿಸಿ ತಂದು ಹೊದಿಸುವುದು ಅವತ್ತಿನಿಂದ ನಡೆದುಬಂದಿತ್ತು. ಮೌಲಾಲಿ ಸತ್ತ ಗುರುವಾರವೂ ಮನೆಗೆ ಬಂದು ಪೀರನ ಪ್ರಸಾದ ಮಲೀದಾ ಕೊಟ್ಟಿದ್ದಳು. ಪೀರಪ್ಪ ಅದನ್ನು ಬಾಯಿಗೆ ಹಾಕಿಕೊಂಡು ಮೌಲಾಲಿಯ ಹೆಣ ನೋಡಲು ಹೋಗಿದ್ದ.

ಆ ದಿನ ಹೊಳೆ ದಾಟಿದ ಪ್ರತಿಯೊಬ್ಬರನ್ನೂ ಅವನು ಠಾಣೆಗೆ ಕರೆಸಿ ಕೇಳಿದ್ದ. ಕುರಿಯವರನ್ನು ಕೇಳಿದ್ದ. ಸಂತೆಗೆ ಹೋದವರನ್ನು ಕೇಳಿದ್ದ. ಮೂಗಿಯೊಬ್ಬಳನ್ನು ಕೂಡ ಕೈಸನ್ನೆಯಲ್ಲಿ ಕೇಳಿದ್ದ. ಒಂದೇ ಸೂರಿನ ಕೆಳಗೆ ಇರುವ ತಾಯಿಯನ್ನು ಕೇಳಿರಲಿಲ್ಲ.

ಅಫಜಲಪುರದ ದಾರಿ ಉದ್ದಕ್ಕೂ ಅವನ ತಲೆಯಲ್ಲಿ ಒಂದೊಂದೇ ಮುಖ ಬಂದು ಹೋಯಿತು.

ಈ ಕೊಲೆಯ ಬೇರು ಭೀಮಾ ಹೊಳೆಯ ದಂಡೆಯಲ್ಲಿರಲಿಲ್ಲ, ಸಮುದ್ರದಾಚೆ ಇತ್ತು. ಜಪಾನಿನವರು ಅಗ್ಗದ ಬಟ್ಟೆ ತಂದು ಸುರಿಯುತ್ತಿದ್ದಾರೆ, ನಮ್ಮ ಗಿರಣಿಗಳು ಮುಳುಗುತ್ತಿವೆ ಎಂದು ಇಂಗ್ಲಿಷ್ ಸರಕಾರ ಆ ಬಟ್ಟೆಗೆ ನೂರಕ್ಕೆ ಎಪ್ಪತ್ತೈದು ಸುಂಕ ಹೇರಿತು. ಜಪಾನಿಗೆ ಸಿಟ್ಟು ಬಂತು. ಹಾಗಿದ್ದರೆ ನಿಮ್ಮ ಹತ್ತಿಯೂ ನಮಗೆ ಬೇಡ ಅಂದಿತು. ದೊಡ್ಡವರಿಬ್ಬರೂ ಮುಖ ತಿರುಗಿಸಿಕೊಂಡು ಕೂತರು. ಇತ್ತ ಜೇವರ್ಗಿಯ ಗೋದಾಮುಗಳಲ್ಲಿ ಹೋದ ಸುಗ್ಗಿಯ ಹತ್ತಿ ಇಲಿಗಳ ಪಾಲಾಯಿತು. ಆಳಂದದ ಪೇಟೆಯಲ್ಲಿ ಜಪಾನಿ ಸಾಟಿನ್ನಿನ ಬೆಲೆ ಕೇಳಿ ಮದುವೆ ಮನೆಯವರು ಅಂಗಡಿಯ ಮೆಟ್ಟಿಲಿನಿಂದಲೇ ತಿರುಗಿದರು. ಸುಂಕದ ಮುದ್ರೆ ಇಲ್ಲದ ಜಪಾನಿ ಬಟ್ಟೆ ಹೊಳೆ ದಾಟಕೂಡದೆಂದು ನಾಕಾಕ್ಕೆ ಹುಕುಂ ಬಂತು. ಹುಕುಂ ಬಂದ ಮೇಲೆಯೇ ಅದು ದಾಟುವುದು ಹೆಚ್ಚಾಯಿತು. ಗೋವೆಯ ಕಡೆಯಿಂದ ಕಳ್ಳದಾರಿ ಹಿಡಿದು ಬಂದ ಬಟ್ಟೆ ಆಳಂದದಲ್ಲಿ ಹಿಂದಿನ ಬಾಗಿಲಿನಿಂದ ಮಾರಾಟವಾಗತೊಡಗಿತು. ಲಾಭ ಯಾರದೋ, ಹಟ ಯಾರದೋ, ಸತ್ತವನು ಮಾತ್ರ ಮೌಲಾಲಿ.

ಜೇವರ್ಗಿಯ ಹತ್ತಿ ದಲಾಲ ಗೌಸಮೊಹಿದ್ದೀನನ ಮೇಲೆ ಈ ಕಳ್ಳಬಟ್ಟೆಯ ವಿಷಯದಲ್ಲಿ ಪೀರಪ್ಪನಿಗೆ ಮೊದಲೇ ಸಂಶಯವಿತ್ತು. ವಿಚಾರಿಸಲು ಹೋದಾಗ ಆತ ಮಾರಾಟವಾಗದ ಹತ್ತಿಯ ಅಂಡಿಗೆಯ ಮೇಲೆಯೇ ಕೂರಿಸಿ ಚಹಾ ಕುಡಿಸಿದ್ದ.

‘ಜಪಾನಿನಾಂವ ನಮ್ಮ ಹತ್ತಿ ಒಲ್ಲೆ ಅಂದಾನ. ಇಂಗ್ಲಿಷನಾಂವ ಅವನ ಅರಿವಿ ಒಲ್ಲೆ ಅಂದಾನ. ನಡಬರಕ ನಾ ಯಾರ ಮಾರಿ ನೋಡ್ಲಿ ಅಮೀನಸಾಬ?’ ಎಂದು ನಕ್ಕಿದ್ದ. ಬೀಳ್ಕೊಡುವಾಗ, ‘ಅವ್ವಾರು ಆರಾಮ ಹಾರೇನ್ರಿ?’ ಎಂದೂ ಕೇಳಿದ್ದ.

ಅವತ್ತು ಅದು ಮರ್ಯಾದೆಯ ಮಾತು ಅನ್ನಿಸಿತ್ತು. ಇವತ್ತು ಕುದುರೆಯ ಮೇಲೆ ಅದು ಬೇರೆಯಾಗಿ ಕೇಳಿಸಿತು.

ಮತ್ತೆ ಸಿಕಂದರ. ಅವನ ಗಂಟಿನಲ್ಲಿ ಮುದ್ರೆಯಿಲ್ಲದ ಒಂದು ಸುರುಳಿ ಸಾಟಿನ್ ಸಿಕ್ಕಿತ್ತು. ಜಾಲಿಯ ಕಂಟಿಯ ಸಂದಿಯಲ್ಲಿ ಬಿದ್ದದ್ದನ್ನು ಎತ್ತಿಕೊಂಡೆ ಎಂದು ಆತ ಅಳುತ್ತ ಹೇಳಿದ್ದ. ‘ಜಾಲಿ ಗಿಡದಾಗ ಜಪಾನಿ ಅರಿವಿ ಬೆಳೀತದೇನ್ಲೇ?’ ಎಂದು ಪೀರಪ್ಪ ಕೇಳಿದ್ದಕ್ಕೆ ಠಾಣೆಯವರೆಲ್ಲ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ದಶರಥ ನಕ್ಕಿದ್ದ. ಸಿಕಂದರನ ಕೆನ್ನೆಗೆ ಏಟು ಬಿದ್ದದ್ದು ಆ ನಗುವಿನ ಬೆನ್ನಿ‌ಗೇ.

ಹಾದಿಯುದ್ದಕ್ಕೂ ಆ ಏಟಿನ ಸದ್ದು ಪೀರಪ್ಪನ ಕಿವಿಯಲ್ಲಿ ಇತ್ತು. ಅವನು ಕೆಟ್ಟ ಮನುಷ್ಯನಲ್ಲ. ಆದರೆ ಒಳ್ಳೆಯವನು ಹೊಡೆದರೆ ನೋವು ಕಡಿಮೆಯಾಗುತ್ತದೆಯೇ?

ಅಮೀನನ ಮನೆ ಠಾಣೆಯ ಹಿಂದೆಯೇ. ಅಡುಗೆಮನೆಯಲ್ಲಿ ಅಂಬುಬಾಯಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಒಂದು ಬಿಳಿ ಬಟ್ಟೆಯಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದಳು. ಅದು ಸಿಕಂದರನ ಹೆಂಡತಿ ಪ್ಯಾರಿಬಿಗೆ. ಗಂಡ ಒಳಗೆ ಬಿದ್ದಾಗಿನಿಂದ ಪ್ಯಾರಿಬಿ ಠಾಣೆಯ ಹುಣಸೆಮರದ ಕೆಳಗೆ ಕೂತಿರುತ್ತಿದ್ದಳು. ಅಂಬುಬಾಯಿ ದಿನವೂ ಅವಳಿಗೆ ಬುತ್ತಿ ಒಯ್ದು ಕೊಡುತ್ತಿದ್ದಳು. ಅವ್ವನ ಕರುಳು ದೊಡ್ಡದು ಎಂದು ಪೀರಪ್ಪ ಹೆಮ್ಮೆಪಟ್ಟಿದ್ದ.

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ.

‘ಯವ್ವಾ, ಆ ಗುರುವಾರ ನೀ ಹೊಳಿ ದಾಟಿ ಬಂದ್ಯಲ್ಲ. ನಾಕಾದಾಗ ಯಾರಿದ್ರು?’

ರೊಟ್ಟಿ ಬಡಿಯುವ ಸದ್ದು ನಿಂತಿತು. ಅಂಬುಬಾಯಿ ತಲೆ ಎತ್ತಲಿಲ್ಲ.

‘ಈಗ ಕೇಳಿದಿ?’ ಎಂದಳು.

‘ಯವ್ವಾ...’

‘ದಿನಾ ಸಂಜಿಕಿ ನೀ ಮನೀಗಿ ಬರೂ ಹೊತ್ತಿಗಿ ನಾ ಇಲ್ಲೇ ಕುಂದರತಿದ್ದೆ. ಇವತ್ತ ಕೇಳ್ತಾನ, ಇವತ್ತ ಕೇಳ್ತಾನ ಅಂತ. ಊರಾಗಿನ ಮೂಗೀನೂ ಕರಸಿ ಕೇಳೀದಿ. ನನ್ನ ಕೇಳಲಿಲ್ಲ.’

‘ನೀ ನನ್ನ ತಾಯಿ. ನಿನ್ನ ಹೆಂಗ ಕೇಳ್ಲಿ?’

‘ಸುಳ್ಳ ಹೇಳಬ್ಯಾಡ ಪೀರ್ಯಾ. ನಿನಗ ಗೊತ್ತಿತ್ತು.’ ಈಗ ಅವಳು ತಲೆ ಎತ್ತಿದಳು. ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ‘ಬರಿಗಾಲ ನೋಡೀದಿ. ಸಿಂಬಿ ನೋಡೀದಿ. ಗಲೀಫ ಹೊತ್ತ ಬೆಳದ ಮಗ ನೀ. ನಿನಗ ತಿಳೀದೇ ಇರ್ತದೇನು? ತಿಳದ್ರ ನಿಮ್ಮವ್ವನ ಹೆಸರ ಬರ್ತದ ಅಂತ ಹೇಳಿ ಮಾರಿ ಆ ಕಡೆ ಹೊಳ್ಳಿಸೀದಿ.’

ಇಲ್ಲ ಎನ್ನಲು ಪೀರಪ್ಪ ಬಾಯಿ ತೆರೆದ. ಹೆಣದ ಮುಂದೆ ನಿಂತಿದ್ದಾಗ ಆ ತೊಳೆದ ಪಾದಗಳನ್ನು ಕಂಡು ತನಗೆ ಏನೋ ನೆನಪಾದಂತಾಗಿ, ಆ ನೆನಪು ಬರುವ ಮೊದಲೇ ತಾನು ಬೇರೆ ಮಾತಿಗೆ ತಿರುಗಿದ್ದು ನಿಜ. ಯಾಕೆ ತಿರುಗಿದೆ ಎಂದು ಅವನು ಈವರೆಗೆ ತನ್ನನ್ನೇ ಕೇಳಿಕೊಂಡಿರಲಿಲ್ಲ. ಮಂದಿಯನ್ನು ಕೇಳುವುದರಲ್ಲಿ ಅವನು ಗಟ್ಟಿಗ.

ಅವನು ತಾಯಿಯ ಎದುರು ನೆಲದ ಮೇಲೆ ಕೂತ.

‘ನಡದದ್ದ ಹೇಳು.’

‘ಈ ಸಲ ನಿನ್ನ ಸೋದರಮಾವಗ ಜ್ವರ. ಗಲೀಫ ಹೊಲಸವ್ರು ಯಾರೂ ಇರಲಿಲ್ಲ. ಜೇವರ್ಗಿ ದಲಾಲ ಗೌಸಮೊಹಿದ್ದೀನ ವ್ಯಾಪಾರಕ್ಕ ಆ ಕಡೆ ಬಂದಿದ್ದ. ಅಮೀನರ ಹರಕಿ, ನಾ ಹೊಲಸ್ತೇನಿ, ಬಂಡೀನೂ ಕಳಸ್ತೇನಿ ಅಂದ. ಪುಣ್ಯದ ಕೆಲಸಕ್ಕ ಬ್ಯಾಡ ಅಂತ ಹೆಂಗನ್ಲಿ? ಬುಟ್ಟಿ ಈ ಸಲ ದೊಡ್ಡದಿತ್ತು. ನಾ ಎತ್ತಿ ನೋಡಲಿಲ್ಲ.’

‘ನಾಕಾದಾಗ?’

‘ಮೌಲಾಲಿ ದೂರದಿಂದೇ ನನ್ನ ಗುರುತ ಹಿಡದ. ಸಾಬರ ಗಲೀಫ ಬಂತು ಅಂತ ನಕ್ಕೋತ ಚಪ್ಪಲಿ ಬಿಟ್ಟು ಕಾಲ ತೊಳಕೊಂಡ. ಬುಟ್ಟಿ ಎತ್ತಿದ. ಏಳಲಿಲ್ಲ. ಅವ್ವಾರ, ಈ ಸಲ ಪೀರಸಾಬ ಭಾಳ ಜಡ ಆಗ್ಯಾರಲ್ರಿ ಅಂದ. ಬಂಡಿ ಹೊಡಿಯಾಂವ, ನೀ ಹೊರಬ್ಯಾಡ ಬಿಡು, ಹೊತ್ತಾಗ್ತದ ಅಂದ. ಮೌಲಾಲಿ ಕೇಳಲಿಲ್ಲ. ಅವಗ ಸಂಶೇ ಇರಲಿಲ್ಲೋ ಯಪ್ಪಾ. ವಸ್ತ್ರ ಸುತ್ತಿ ಸಿಂಬಿ ಮಾಡಿಕೊಂಡು ಹೊತ್ತೇ ಬಿಟ್ಟ.’

ಹೆಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಇಬ್ಬರೂ ಅದನ್ನು ಮುಟ್ಟಲಿಲ್ಲ.

‘ರಸ್ತಾ ದಾಟೂದ್ರಾಗ ಬುಟ್ಟಿ ತಳ ಹರೀತು. ಚಿತ್ರದ ಕಾಗದ ಹಚ್ಚಿದ ಜಪಾನಿ ಅರಿವಿ ಸುರುಳಿ ಧಡಧಡ ಅವನ ಕಾಲ ಮ್ಯಾಲ ಬಿದ್ವು.’

‘ಮೌಲಾಲಿ ಏನಂದ? ಬೈದನೇನು?’

‘ಬೈದಿದ್ರ ಚಲೋ ಆಗ್ತಿತ್ತು. ನನ್ನ ಮಾರಿ ನೋಡಿದ. ಅವ್ವಾರ, ನಿಮಗ ಗೊತ್ತಿತ್ತೇನ್ರಿ ಅಂತ ಕೇಳಿದ. ಇಲ್ಲೋ ಮಗನ ಅನ್ನೂದ್ರಾಗ ಹಿಂದಿನಿಂದ ಬಂಡಿ ಗೂಟದ ಪೆಟ್ಟ ಬಿತ್ತು. ನಾ ಇಲ್ಲ ಅಂದಿದ್ದು ಅವಗ ಕೇಳಸ್ತೋ ಇಲ್ಲೋ. ನಾ ಮೋಸ ಮಾಡೇನಿ ಅಂತ ತಿಳದೇ ಹೋದನೋ ಏನೋ. ಅದ ನನ್ನ ತಿನ್ನಾಕತ್ತದ. ಉಂಡ ಅನ್ನ ಇಳಿವಲ್ದು.’

‘ಹೊಡದವ್ರು ಯಾರು? ಗೌಸಮೊಹಿದ್ದೀನನ ಆಳೇನು?’

‘ಆಳಂದ್ರ ಆಳೇ. ಆದ್ರ ಪಗಾರ ಸರಕಾರದ್ದು.’ ಅಂಬುಬಾಯಿ ಮಗನ ಕಣ್ಣನ್ನೇ ನೋಡಿದಳು. ‘ಅವನ್ನ ಬಂಡೀ ಮ್ಯಾಲ ನೋಡಿ, ನೀನೇ ನನ್ನ ಜೋಡಿ ಕಳಿಸೀದಿ ಅಂತ ತಿಳದು ಸಂತೋಷಪಟ್ಟಿದ್ದೆ. ದಿನಾ ನಿನಗ ಸಲಾಮ ಹೊಡಿತಾನ. ದಶರಥ.’

ಆ ಗುರುವಾರ ದಶರಥ ರಜೆ ಕೇಳಿದ್ದ. ಮಾವನ ಮನೆಗೆ ಹೋಗಬೇಕು ಅಂದಿದ್ದ. ಪೀರಪ್ಪನೇ ಕೊಟ್ಟಿದ್ದ. ಸಂಜೆ ಬಂದವನು ಸಿಕಂದರನನ್ನು ರಟ್ಟೆ ಹಿಡಿದು ಎಳೆದುಕೊಂಡೇ ಬಂದಿದ್ದ. ಜಾಲಿಯ ಕಂಟಿಯಲ್ಲಿ ಸುರುಳಿಗಳನ್ನು ಅಡಗಿಸಿಟ್ಟವನಿಗೆ, ಅದರಲ್ಲಿ ಒಂದನ್ನು ಎತ್ತಿಕೊಂಡವನು ಯಾರು ಎಂದು ಹುಡುಕುವುದು ಏನು ಕಷ್ಟ? ಚುರುಕಿನ ಮನುಷ್ಯ ಎಂದು ಪೀರಪ್ಪ ಎಲ್ಲರ ಮುಂದೆ ಅವನ ಬೆನ್ನು ತಟ್ಟಿದ್ದ.

‘ಆಮ್ಯಾಲ ಬಂಡ್ಯಾಗ ನನಗ ಹೇಳಿದ,’ ಎಂದಳು ಅಂಬುಬಾಯಿ. ‘ಅವ್ವಾರ, ಮಾಲ ಸಿಕ್ಕದ್ದು ಅಮೀನರ ಹೆಸರಿನ ಗಲೀಫನ ಕೆಳಗ. ತಂದವ್ರು ಅಮೀನರ ತಾಯಿ. ನೀವು ಬಾಯಿ ಬಿಟ್ರ ನಿಮ್ಮ ಮಗನೇ ಕಳ್ಳ ಅಂತಾರ, ನಿಮ್ಮ ಮಗನೇ ಕೊಲ್ಲಿಸ್ಯಾನ ಅಂತಾರ ಅಂದ. ಬೇಡಿಕೊಂಡು ಪಡದ ಮಗ ನೀ. ಒಬ್ಬಾಕಿ ತಾಯಿ ಏನ ಮಾಡ್ಬೇಕು ಹೇಳು? ಬಾಯಿ ಮುಚ್ಚಿಕೊಂಡು ಆ ಪ್ಯಾರಿಬಿಗಿ ರೊಟ್ಟಿ ಕೊಟ್ಟೆ. ಆಕಿ ಪ್ರತಿ ಸಲ ನನ್ನ ಕಾಲ ಮುಟ್ಟಿ ನಮಸ್ಕಾರ ಮಾಡ್ತಾಳ. ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರದೇನ ಅನಸ್ತದ.’

ಪೀರಪ್ಪ ಎದ್ದ. ಇನ್ನು ಯೋಚನೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ನೌಕರಿ ಹೋಗುತ್ತದೆ. ಹೋಗಲಿ. ಅವ್ವ ಸಾಕ್ಷಿಕಟ್ಟೆ ಹತ್ತಬೇಕಾಗುತ್ತದೆ, ಊರು ನೂರು ಮಾತಾಡುತ್ತದೆ. ಆಡಲಿ. ಸಿಕಂದರ ಇವತ್ತು ಠಾಣೆಯಿಂದ ಹೊರಗೆ ಹೋಗಬಾರದು, ಅಷ್ಟೇ.

‘ಕೋರ್ಟಿನಾಗ ಇದನ್ನ ಹೇಳ್ತಿಯೇನ ಯವ್ವಾ?’

‘ಗೋರಿ ಮುಟ್ಟಿ ಹೇಳ್ತೇನಿ. ಮೊದಲ ಆ ಹುಡುಗನ್ನ ಬಿಡು.’

ಪೀರಪ್ಪ ಹಿತ್ತಿಲ ಬಾಗಿಲು ದಾಟಿ ಠಾಣೆಯ ಅಂಗಳಕ್ಕೆ ಬಂದ. ಬಿಸಿಲು ಇನ್ನೂ ನೆತ್ತಿಯ ಮೇಲೆಯೇ ಇತ್ತು. ಸಂಜೆಗೆ ಬೇಕಾದಷ್ಟು ಹೊತ್ತಿದೆ ಎಂದು ಸಮಾಧಾನ ಮಾಡಿಕೊಂಡ. ದಶರಥನನ್ನು ಏನೂ ತೋರಗೊಡದೆ ಒಳಗೆ ಕರೆಯಬೇಕು, ಮೊದಲು ಅವನ ಕೈಯಿಂದ ಬೀಗದ ಕೈ ಇಸಿದುಕೊಳ್ಳಬೇಕು ಎಂದುಕೊಂಡ.

ಸಿಕಂದರನನ್ನು ಇಟ್ಟಿದ್ದ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ.

ಹುಣಸೆಮರದ ಕಡೆಯಿಂದ ಪ್ಯಾರಿಬಿ ಎದ್ದು ಬಂದಳು. ಅವಳನ್ನು ಅಳು ಬಿಟ್ಟು ಬೇರೆ ಮುಖದಲ್ಲಿ ಪೀರಪ್ಪ ನೋಡಿಯೇ ಇರಲಿಲ್ಲ. ಇವತ್ತು ಅವಳ ಮುಖದಲ್ಲಿ ಸ್ವಲ್ಪ ಬೆಳಕಿತ್ತು. ಸೆರಗಿನಲ್ಲಿ ಏನನ್ನೋ ಮುಚ್ಚಿ ಹಿಡಿದುಕೊಂಡಿದ್ದಳು.

‘ಸಾಬ್, ಜಮಾದಾರಸಾಬ ಇದನ್ನ ನಿಮ್ಮ ಕೈಯಾಗ ಕೊಡು ಅಂತ ಹೇಳಿ ಹೋಗ್ಯಾರ’ ಎಂದು ಸೆರಗು ತೆರೆದಳು.

ಒಳಗಿದ್ದದ್ದು ಒಂದು ಜೊತೆ ಕೈಬೇಡಿ.

‘ಯಾವಾಗ ಹೋದ್ರು?’ ಎಂದು ಪೀರಪ್ಪ ಕೇಳಿದ.

‘ನೀವು ಕುದರಿ ಹತ್ತಿ ಹ್ವಾದ ಮ್ಯಾಲ, ಜಲ್ದಿನೇ ಹೋದ್ರಿ. ಸಾಬರದ್ದೇ ಹುಕುಂ ಅಂದ್ರು. ನಾ ಎಷ್ಟ ಬೈದಿದ್ದೆ ಸಾಬ್ ಅವರಿಗಿ, ಅಲ್ಲಾ ನನ್ನ ಮಾಫ ಮಾಡ್ಲಿ. ಅಂಥಾ ಮನಸಿನ ಮನಶ್ಯಾ ಅಂತ ಗೊತ್ತಿರಲಿಲ್ಲ. ನನ್ನ ಮುಂದೇ ಬೇಡಿ ಬಿಚ್ಚಿದ್ರು. ಅಷ್ಟ ದೂರ ಕೈ ಕಟ್ಟಿಕೊಂಡು ಹೆಂಗ ನಡೀತಾನ, ಪಾಪ ಅಂದ್ರು. ಹೆಗಲ ಮ್ಯಾಲ ಬಂದೂಕ ನೋಡಿ ನನಗ ಅಂಜಿಕಿ ಬಂತು. ಇದು ದಾರ್ಯಾಗಿನ ತೋಳಕ್ಕ, ನಿನ್ನ ಗಂಡಗ ಅಲ್ಲ ಬೇ ಅಂತ ನಕ್ಕರು.’

ಪೀರಪ್ಪ ಬೇಡಿಯನ್ನು ಕೈಗೆ ತೆಗೆದುಕೊಂಡ. ಬೇಡಿ ಇಲ್ಲದ ಆರೋಪಿ, ಬಂದೂಕು ಹಿಡಿದ ಜಮಾದಾರ. ನಾಳೆ ತನ್ನ ಮೇಜಿಗೆ ಬರುವ ವರದಿ ಅವನಿಗೆ ಈಗಲೇ ಬಾಯಿಪಾಠವಾಗಿತ್ತು: ಆರೋಪಿ ತಪ್ಪಿಸಿಕೊಂಡು ಓಡಿದ, ಎಷ್ಟು ಕೂಗಿದರೂ ನಿಲ್ಲಲಿಲ್ಲ, ಗುಂಡು ಹಾರಿಸುವುದು ಅನಿವಾರ್ಯವಾಯಿತು. ಕೆಳಗೆ ರುಜು ಹಾಕಬೇಕಾದವನು ಅಮೀನ ಪೀರಪ್ಪ. ಸತ್ತ ಸಿಕಂದರನ ಜೊತೆಗೆ ಮೌಲಾಲಿಯ ಕೊಲೆಯೂ ಮುಗಿದುಹೋಗುತ್ತದೆ.

ಅವನು ಕುದುರೆಯ ಕಡೆಗೆ ಓಡಿದ. ಲಗಾಮು ಬಿಚ್ಚಿದ. ಪ್ಯಾರಿಬಿ ಅವನ ಹಿಂದೆಯೇ ಬಂದಿದ್ದಳು. ಅವಳ ಮುಖದ ಬೆಳಕು ಇನ್ನೂ ಆರಿರಲಿಲ್ಲ.

‘ಚೌಡಾಪುರದ ರಸ್ತಾ ಹಿಡದ್ರೇನು?’ ಎಂದು ಪೀರಪ್ಪ ಕೂಗಿದ. ‘ಹೇಳು ಪ್ಯಾರಿಬಿ, ಯಾವ ದಾರಿ ಹಿಡದ್ರು?’

‘ರಸ್ತಾ ಬ್ಯಾಡ ಅಂದ್ರು ಸಾಬ್. ಹೊಳಿದಂಡಿ ಹಿಡದು ಜಾಲಿ ಒಳಗಿಂದ ಹಾದು ಹೋಗ್ತೇವಿ ಅಂದ್ರು. ಆ ಕಡೆ ಒಂದ ನರಪಿಳ್ಳಿನೂ ಇರೂದಿಲ್ಲ, ನಿನ್ನ ಗಂಡಗ ನಾಚಿಕಿ ಆಗೂದಿಲ್ಲ ಅಂದ್ರು.’